21 ಅಡಿಯ ಲೆಕ್ಕ

ಊರಿನಿಂದ ಅಪ್ಪ, ಅಮ್ಮ ಬರುತ್ತಾರೆ ಎಂಬ ಸುದ್ದಿ ಬಂದ ಕೂಡಲೇ ಅಮೆರಿಕದ ಕನ್ನಡ ಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಯೊಸೆಮಿಟಿ, ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ಎಂದು ಪಟ್ಟಿ ಬೆಳೆಯುತ್ತದೆ. ವಯಸ್ಸಾದವರಿದ್ದಾರೆ, ಮಕ್ಕಳಿದ್ದಾರೆ, ದಾರಿಯಲ್ಲಿ ಅನ್ನ ಸಾರು ಸಿಗುವುದಿಲ್ಲ. ಹಾಗಾಗಿ ಒಂದು ಆರ್‌ವಿ ಹಿಡಿದುಬಿಡೋಣ ಎಂದು ಯಾರಾದರೂ ಹೇಳುತ್ತಾರೆ. ಹಾಸಿಗೆ, ಒಲೆ, ಫ್ರಿಜ್, ಕಕ್ಕಸು ಎಲ್ಲವನ್ನೂ ಬೆನ್ನ ಮೇಲೆ ಹೊತ್ತ ಗಾಡಿ. ಆಮೇಲೆ ನಡೆಯುವ ಯೋಜನೆ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿರುತ್ತದೆ: ಮೊದಲು ರಜೆ, ಆಮೇಲೆ ಗಾಡಿ, ಆಮೇಲೆ ದಾರಿ, ಕೊನೆಗೆ ರಾತ್ರಿ ನಿಲ್ಲಿಸುವ ಜಾಗ. ಸರ್ಕಾರಿ ಉದ್ಯಾನಗಳಿಗೆ ಹೋಗುವುದಾದರೆ ಈ ಕ್ರಮ ಪೂರ್ತಿ ತಲೆಕೆಳಗು ಎಂಬುದೇ ನನ್ನ ವಾದ. ಜಾಗ ಮೊದಲು ಗೊತ್ತಾಗಬೇಕು, ಅದರ ಅಳತೆಗೆ ತಕ್ಕ ಗಾಡಿ ಆಮೇಲೆ. ಆರ್‌ವಿ ಕಂಪನಿಗಳ ಜಾಹೀರಾತು ಮನಸ್ಸು ಬಂದ ಕಡೆ ಓಡುವ ಸ್ವಾತಂತ್ರ್ಯವನ್ನು ಮಾರುತ್ತದೆ. ಉದ್ಯಾನದ ಬಾಗಿಲಲ್ಲಿ ಇರುವುದು ಅಡಿ, ಇಂಚುಗಳ ಲೆಕ್ಕ.

ಮೊಂಟಾನಾದ ಗ್ಲೇಸಿಯರ್ ನ್ಯಾಷನಲ್ ಪಾರ್ಕನ್ನೇ ನೋಡಿ. ಅಲ್ಲಿಗೆ ಹೋಗುವವರೆಲ್ಲ ಹೋಗುವುದು ಗೋಯಿಂಗ್‌ ಟು ದ ಸನ್ ರೋಡ್‌ಗಾಗಿ. 1932ರಲ್ಲಿ ಮುಗಿದ, ಬೆಟ್ಟದ ಗೋಡೆಗೆ ಅಂಟಿಕೊಂಡು ಸಾಗುವ, ಸುಮಾರು 80 ಕಿಲೋಮೀಟರಿನ ದಾರಿ ಅದು. ಅದರ ನಡುವಿನ ಘಟ್ಟದಲ್ಲಿ, ಬಂಪರ್ ಸೇರಿ 21 ಅಡಿಗಿಂತ ಉದ್ದದ, ಕನ್ನಡಿ ಸೇರಿ 8 ಅಡಿಗಿಂತ ಅಗಲದ ವಾಹನಕ್ಕೆ ಪ್ರವೇಶವಿಲ್ಲ. ಸಂಸಾರಕ್ಕೆಂದು ಬಾಡಿಗೆಗೆ ಸಿಗುವ ಸಾಮಾನ್ಯ ಆರ್‌ವಿಯ ಉದ್ದವೇ 25 ಅಡಿ, ಇಲ್ಲವೇ 30. ಅಂದರೆ ಸಾವಿರಾರು ಡಾಲರ್ ಕೊಟ್ಟು ಹಿಡಿದ ಗಾಡಿಯನ್ನು ಕೆಳಗೆ ನಿಲ್ಲಿಸಿ, ಟಿಕೆಟ್ ಕೊಂಡು ಬಸ್ಸು ಹತ್ತಬೇಕು. ಯೂಟಾದ ಜಯಾನ್ ಉದ್ಯಾನದಲ್ಲಿ 1930ರ ಸುರಂಗವಿದೆ, ಉದ್ದ 1.8 ಕಿಲೋಮೀಟರ್. ಕಮಾನಿನ ಆಕಾರದ್ದಾದ್ದರಿಂದ ಎತ್ತರದ ಗಾಡಿ ಪಕ್ಕದಲ್ಲಿ ಹೋದರೆ ತಲೆ ಬಡಿಯುತ್ತದೆ, ನಟ್ಟನಡುವೆಯೇ ಹೋಗಬೇಕು. 11 ಅಡಿ 4 ಇಂಚು ಎತ್ತರ ಅಥವಾ 7 ಅಡಿ 10 ಇಂಚು ಅಗಲ ಮುಟ್ಟಿದ ಗಾಡಿಗಳನ್ನು 15 ಡಾಲರ್ ಪಡೆದು, ಎದುರಿನ ಸಂಚಾರ ತಡೆದು ದಾಟಿಸುವ ವ್ಯವಸ್ಥೆ ಬಹುಕಾಲ ನಡೆಯಿತು. 2026ರ ಮಧ್ಯದಿಂದ ದೊಡ್ಡ ವಾಹನಗಳನ್ನು ಬೇರೆ ದಾರಿಗೆ ತಿರುಗಿಸುವುದಾಗಿ ಪಾರ್ಕ್ ಪ್ರಕಟಿಸಿದೆ. ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣ ಅಂಚಿನ ಮೇದರ್ ಕ್ಯಾಂಪ್‌ಗ್ರೌಂಡಿನಲ್ಲಿ 30 ಅಡಿಯೇ ಮಿತಿ. ಈ ಅಂಕಿಗಳು ನಕ್ಷೆಯ ಮೇಲೆ ಕಾಣುವುದಿಲ್ಲ. ಗೂಗಲ್ ಮ್ಯಾಪ್ ಕಾರಿಗೆ ತೋರಿಸುವ ದಾರಿಯನ್ನೇ 30 ಅಡಿಯ ಗಾಡಿಗೂ ತೋರಿಸುತ್ತದೆ.

ಇಷ್ಟು ಸಿರಿವಂತ ದೇಶ ರಸ್ತೆ ಅಗಲ ಮಾಡಿದರೆ, ತಂಗುವ ಜಾಗ ಉದ್ದ ಮಾಡಿದರೆ ಆಗದೇ ಎಂಬ ಪ್ರಶ್ನೆ ಸಹಜ. ಉತ್ತರಕ್ಕೆ ಸುಮಾರು ನೂರು ವರ್ಷ ಹಿಂದೆ ಹೋಗಬೇಕು. 1920ರ ದಶಕದಲ್ಲಿ ಕಾರು ಅಗ್ಗವಾಗಿ, ಜನ ಉದ್ಯಾನಗಳಿಗೆ ನುಗ್ಗಿದರು. ಮರದ ಬುಡದವರೆಗೂ ಕಾರು ತಂದು, ಅಲ್ಲೇ ಡೇರೆ ಹೊಡೆಯುತ್ತಿದ್ದರು. ಅರಣ್ಯ ಇಲಾಖೆಯ ಸಸ್ಯರೋಗ ತಜ್ಞ ಇ. ಪಿ. ಮೈನೆಕೆ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳ ಸ್ಥಿತಿಯನ್ನು ಪರೀಕ್ಷಿಸಿ ಹೇಳಿದ ಕಾರಣ ಸರಳವಾಗಿತ್ತು. ಚಕ್ರ ಮತ್ತು ಕಾಲುಗಳ ತುಳಿತಕ್ಕೆ ಮಣ್ಣು ಗಟ್ಟಿಯಾಗುತ್ತದೆ, ಗಟ್ಟಿ ಮಣ್ಣಿನಲ್ಲಿ ನೀರೂ ಗಾಳಿಯೂ ಇಳಿಯುವುದಿಲ್ಲ, ಬೇರು ಸಾಯುತ್ತದೆ. ಮೇಲೆ ನೋಡಿದರೆ ಮರ ಹಸಿರಾಗಿಯೇ ಇರುತ್ತದೆ, ಸಾವು ಕೆಳಗಿನಿಂದ ಹತ್ತುತ್ತಿರುತ್ತದೆ. ಮೈನೆಕೆ ಇದಕ್ಕೆ ಮದ್ದನ್ನೂ ಸೂಚಿಸಿದರು. ಏಕಮುಖ ಸಂಚಾರದ ವರ್ತುಲ ರಸ್ತೆ, ಅದರಿಂದ ಓರೆಯಾಗಿ ಕವಲೊಡೆದ ಸಣ್ಣ ಸಣ್ಣ ಗೂಡುಗಳು, ಪ್ರತಿ ಗೂಡಿನಲ್ಲಿ ಒಂದು ಕಾರು, ಪಕ್ಕದಲ್ಲಿ ಮೇಜು ಮತ್ತು ಒಲೆ, ಕಾರು ಆಚೀಚೆ ಹೊರಳದಂತೆ ಬಂಡೆಗಳ ತಡೆ. 1930ರ ದಶಕದಲ್ಲಿ, ನಿರುದ್ಯೋಗಿ ಯುವಕರಿಗೆ ಕೆಲಸ ಕೊಡುವ ಸಿವಿಲಿಯನ್ ಕನ್ಸರ್ವೇಷನ್ ಕೋರ್ ಯೋಜನೆಯ ಕೈಗಳಿಂದ ಈ ನಮೂನೆ ದೇಶದ ತುಂಬ ಹಬ್ಬಿತು. ಇಂದಿಗೂ ಸಾರ್ವಜನಿಕ ಕ್ಯಾಂಪ್‌ಗ್ರೌಂಡಿನ ನಕ್ಷೆಯಲ್ಲಿ ಕಾಣುವ ಬಳ್ಳಿಯಂಥ ಸುತ್ತು ಅದೇ. ಗೂಡಿನ ಉದ್ದ ಅಂದಿನ ಕಾರಿನದು. ಅದನ್ನು ಉದ್ದ ಮಾಡಬೇಕಾದರೆ ಯಾವ ಮರವನ್ನು ಉಳಿಸಲು ಅದು ಹುಟ್ಟಿತೋ ಆ ಮರವನ್ನೇ ಕಡಿಯಬೇಕು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಿದ್ದಾಗ ನಮ್ಮಲ್ಲೂ ಇದೇ ವಾದ ಎದ್ದಿತ್ತು: ಕಾಡಿಗೆ ವಾಹನ ಹೊಂದಿಕೊಳ್ಳಬೇಕೋ, ವಾಹನಕ್ಕೆ ಕಾಡೋ?

ಉದ್ದದಷ್ಟೇ ಮುಖ್ಯವಾದ ಇನ್ನೊಂದು ಅಳತೆ ನೀರು ಮತ್ತು ವಿದ್ಯುತ್ತಿನದು. ಖಾಸಗಿ ಆರ್‌ವಿ ಪಾರ್ಕುಗಳಲ್ಲಿ ಸಿಗುವ ಹುಕ್‌ಅಪ್, ಅಂದರೆ ನೀರು, ಕರೆಂಟು, ಚರಂಡಿಯ ಜೋಡಣೆ, ಉದ್ಯಾನಗಳಲ್ಲಿ ಅಪರೂಪ. ಯೊಸೆಮಿಟಿಯ ಕ್ಯಾಂಪ್‌ಗ್ರೌಂಡುಗಳಲ್ಲಿ ಹುಕ್‌ಅಪ್ ಇಲ್ಲವೇ ಇಲ್ಲ. ಇಡೀ ಯೆಲ್ಲೋಸ್ಟೋನ್‌ನಲ್ಲಿ ಮೂರೂ ಇರುವುದು ಫಿಶಿಂಗ್ ಬ್ರಿಜ್ ಎಂಬ ಆರ್‌ವಿ ತಂಗುದಾಣ ಒಂದರಲ್ಲೇ. ಉಳಿದ ಕಡೆ ಗಾಡಿಯ ಟ್ಯಾಂಕೇ ಬಾವಿ, ಗಾಡಿಯ ಟ್ಯಾಂಕೇ ಚರಂಡಿ. ಮಧ್ಯಮ ಗಾತ್ರದ ಗಾಡಿಯಲ್ಲಿ ಸುಮಾರು 150 ಲೀಟರ್ ನೀರು ಹಿಡಿಯುತ್ತದೆ. ಆರು ಜನ ದಿನಾ ಸ್ನಾನ ಮಾಡಿ, ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆದರೆ ಎರಡನೆಯ ದಿನಕ್ಕೇ ಬರ. ಅದಕ್ಕಿಂತ ಮೊದಲೇ ಪಾತ್ರೆ, ಸ್ನಾನದ ಬೂದು ನೀರಿನ ಟ್ಯಾಂಕ್ ತುಂಬಿಕೊಂಡಿರುತ್ತದೆ. ಅದನ್ನು ನೆಲಕ್ಕೆ ಬಿಡುವಂತಿಲ್ಲ, ಕೊಳಕು ನೀರು ಖಾಲಿ ಮಾಡುವ ಡಂಪ್ ಸ್ಟೇಷನ್ನಿಗೇ ಹೋಗಬೇಕು. ಕರೆಂಟಿಗೆ ಜನರೇಟರ್ ಇದೆಯಲ್ಲ ಎನ್ನಬಹುದು. ಯೊಸೆಮಿಟಿಯಲ್ಲಿ ಅದನ್ನು ಓಡಿಸಬಹುದಾದ ಹೊತ್ತು ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7. ಉಸಿರಾಟಕ್ಕೆ ಸಿ-ಪ್ಯಾಪ್ ಯಂತ್ರ ಬೇಕಾದ ಹಿರಿಯರಿದ್ದರೆ ರಾತ್ರಿಯಿಡೀ ಬ್ಯಾಟರಿ ಸಾಕಾದೀತೇ ಎಂದು ಗಾಡಿ ಹಿಡಿಯುವ ಮೊದಲೇ ಕೇಳಿ ತಿಳಿಯಬೇಕು. ಹುಕ್‌ಅಪ್ ಸಿಕ್ಕಿದರೂ ಸಣ್ಣ ಗಾಡಿಗಳದು ಸಾಮಾನ್ಯವಾಗಿ 30 ಆಂಪಿಯರ್, ಅಂದರೆ 120 ವೋಲ್ಟಿನಲ್ಲಿ 3,600 ವಾಟ್. ಎಸಿ, ಮೈಕ್ರೊವೇವ್, ರೈಸ್ ಕುಕ್ಕರ್ ಮೂರನ್ನೂ ಒಟ್ಟಿಗೆ ಹಾಕಿದರೆ ಕತ್ತಲೆ. (ಒಗ್ಗರಣೆಯನ್ನಂತೂ ಹೊರಗಿನ ಮೇಜಿನ ಮೇಲೆ ಹಾಕುವುದೇ ಮೇಲು. ಗಾಡಿಯೊಳಗಿನ ಹೊಗೆ ಎಚ್ಚರಿಕೆ ಗಂಟೆಗೆ ಸಾಸಿವೆಯೂ ಒಂದೇ, ಬೆಂಕಿಯೂ ಒಂದೇ.)

ಜಾಗ ಮೊದಲು ಎನ್ನುವುದಕ್ಕೆ ಕ್ಯಾಲೆಂಡರಿನ ಸಾಕ್ಷಿಯೂ ಇದೆ. ಸರ್ಕಾರಿ ಕ್ಯಾಂಪ್‌ಗ್ರೌಂಡುಗಳ ಕಾಯ್ದಿರಿಸುವಿಕೆ ಹೆಚ್ಚಾಗಿ ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ನಡೆಯುತ್ತದೆ. ಬಹಳ ಕಡೆ 6 ತಿಂಗಳು ಮೊದಲೇ ಬಾಗಿಲು ತೆರೆಯುತ್ತದೆ. ಯೊಸೆಮಿಟಿ ಕಣಿವೆಯ ಬಹುಪಾಲು ಜಾಗಗಳು 5 ತಿಂಗಳು ಮೊದಲು, ತಿಂಗಳ 15ನೇ ತಾರೀಖು ಪೆಸಿಫಿಕ್ ಕಾಲಮಾನದ ಬೆಳಿಗ್ಗೆ 7ಕ್ಕೆ, ಒಂದಿಡೀ ತಿಂಗಳಿನಷ್ಟು ಒಟ್ಟಿಗೆ ಬಿಡುಗಡೆಯಾಗುತ್ತವೆ ಮತ್ತು ನಿಮಿಷಗಳಲ್ಲಿ ಮುಗಿಯುತ್ತವೆ. ಗಾಡಿಯಾದರೋ ಆಮೇಲೂ ಸಿಗುತ್ತದೆ, ಬಾಡಿಗೆ ಕಂಪನಿಗಳು ಹಲವಿವೆ. ಹೀಗಿರುವಾಗ ಸುಲಭವಾಗಿ ಸಿಗುವುದನ್ನು ಮೊದಲು ಹಿಡಿದು, ಸಿಗದಿರುವುದನ್ನು ಕೊನೆಗೆ ಇಟ್ಟುಕೊಳ್ಳುವುದು ಮದುವೆಯ ಊಟಕ್ಕೆ ಹೇಳಿ ಆಮೇಲೆ ಛತ್ರ ಹುಡುಕಿದ ಹಾಗೆ. ಕಾಯ್ದಿರಿಸುವಾಗ ಗಾಡಿಯ ಉದ್ದವನ್ನೂ ಕೇಳುತ್ತಾರೆ. ಗಾಡಿ ಇನ್ನೂ ಗೊತ್ತಾಗಿಲ್ಲದವರು ತಮಗೆ ಬೇಕಾದ ಅತಿ ಸಣ್ಣ ಅಳತೆಯನ್ನು ನಿರ್ಧರಿಸಿ, ಅದಕ್ಕೆ ಬದ್ಧರಾಗಿ ಗಾಡಿ ಹುಡುಕುವುದು ಒಳ್ಳೆಯದು. 24 ಅಡಿಯ ಜಾಗಕ್ಕೆ 30 ಅಡಿಯ ಗಾಡಿ ತಂದರೆ ಹಿಂಭಾಗ ರಸ್ತೆಯಲ್ಲಿರುತ್ತದೆ, ರೇಂಜರ್ ಬಾಗಿಲು ತಟ್ಟುತ್ತಾರೆ.

ಇಷ್ಟೆಲ್ಲ ಲೆಕ್ಕ ಹಾಕಿ ಹೋಗುವುದಾದರೆ ಆರ್‌ವಿಯ ಸುಖವೇನು ಬಂತು ಎಂದು ಕೇಳುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸರ್ಕಾರಿ ಭೂಮಿ ನೋಡಿಕೊಳ್ಳುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟಿನ ವಿಶಾಲ ಬಯಲುಗಳಿವೆ. ಅಲ್ಲಿ ಅನೇಕ ಕಡೆ ಬಾಡಿಗೆಯಿಲ್ಲದೆ, ಕಾಯ್ದಿರಿಸದೆ, ಸಾಮಾನ್ಯವಾಗಿ 14 ದಿನದವರೆಗೆ ತಂಗಬಹುದು. ಮೊದಲು ಬಂದವರಿಗೆ ಮೊದಲ ಜಾಗ ಎಂಬ ಕ್ಯಾಂಪ್‌ಗ್ರೌಂಡುಗಳೂ ಇನ್ನೂ ಉಳಿದಿವೆ. ಆದರೆ ಆ ಬಯಲಿನಲ್ಲಿ ನೀರಿಲ್ಲ, ಕಕ್ಕಸಿಲ್ಲ, ಎಷ್ಟೋ ಕಡೆ ಫೋನ್ ಸಿಗ್ನಲ್ಲೂ ಇಲ್ಲ. ನಿವೃತ್ತರಾಗಿ ಗಾಡಿಯಲ್ಲೇ ಬದುಕುವ, ಹೊತ್ತು ಕೈಯಲ್ಲಿರುವ ಜನರ ಸ್ವಾತಂತ್ರ್ಯ ಅದು. ಹತ್ತು ದಿನದ ರಜೆಯಲ್ಲಿ ಸಕ್ಕರೆ ಕಾಯಿಲೆಯ ತಂದೆಯನ್ನೂ ಎರಡು ವರ್ಷದ ಮಗುವನ್ನೂ ಕರೆದೊಯ್ಯುವವರಿಗೆ ಮಧ್ಯಾಹ್ನ ನಾಲ್ಕಕ್ಕೆ ಮೂರನೆಯ ಕ್ಯಾಂಪ್‌ಗ್ರೌಂಡಿನಲ್ಲೂ ಜಾಗ ಭರ್ತಿ ಎಂಬ ಫಲಕ ಓದುವುದು ಸ್ವಾತಂತ್ರ್ಯವಲ್ಲ.

ಹಾಗಾದರೆ ಕಾರಿನಲ್ಲಿ ಹೋಗಿ ಹೋಟೆಲಿನಲ್ಲಿ ತಂಗುವುದೇ ವಾಸಿಯಲ್ಲವೇ? ಬರೀ ದುಡ್ಡಿನ ಲೆಕ್ಕವಾದರೆ ಎಷ್ಟೋ ಸಲ ಹೌದು. 25 ಅಡಿಯ ಆರ್‌ವಿ ಒಂದು ಗ್ಯಾಲನ್ನಿಗೆ ಓಡುವುದು 8ರಿಂದ 10 ಮೈಲಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 4 ಕಿಲೋಮೀಟರ್. ದಿನದ ಬಾಡಿಗೆ, ಮೈಲಿ ಬಾಡಿಗೆ, ವಿಮೆ, ಕ್ಯಾಂಪ್ ಬಾಡಿಗೆ ಕೂಡಿದರೆ ಅಗ್ಗ ಎಂಬ ನಂಬಿಕೆ ನಿಲ್ಲುವುದಿಲ್ಲ. ಆರ್‌ವಿಯ ಪರವಾಗಿ ಹೇಳಬೇಕಾದದ್ದು ಬೇರೆ ಇದೆ. ನಡುರಾತ್ರಿ ಎದ್ದು ಕತ್ತಲಲ್ಲಿ ನಡೆಯದೆ ಕಕ್ಕಸಿಗೆ ಹೋಗುವ ಅನುಕೂಲ ಎಪ್ಪತ್ತು ದಾಟಿದವರಿಗೆ ಸಣ್ಣದಲ್ಲ. ಕಟ್ಟಾ ಸಸ್ಯಾಹಾರಿಗಳಿಗೆ ತಮ್ಮದೇ ಒಲೆ ಇರುವುದೂ ಅಷ್ಟೇ. ಫಿಶಿಂಗ್ ಬ್ರಿಜ್‌ನಲ್ಲಿ ಕರಡಿಗಳ ಓಡಾಟದ ಕಾರಣ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಅವಕಾಶ, ಬಟ್ಟೆಯ ಡೇರೆಗೆ ಇಲ್ಲ. ಉದ್ದದ ವಿಷಯದಲ್ಲಿ ಸೋಲುವ ಆರ್‌ವಿ ಇಲ್ಲಿ ಗೆಲ್ಲುತ್ತದೆ.

ಕೊನೆಗೊಂದು ತೊಡಕು, ಮೊದಲ ಸಲ ಹೋಗುವವರು ಇದನ್ನು ಮರೆಯುವುದೇ ಹೆಚ್ಚು. ಆರ್‌ವಿ ಮನೆಯೂ ಹೌದು, ಕಾರೂ ಹೌದು. ಒಂದು ಜಲಪಾತ ನೋಡಿ ಬರಬೇಕೆಂದರೂ ಪಾತ್ರೆ ಕಟ್ಟಿ, ಫ್ರಿಜ್ ಬಾಗಿಲು ಭದ್ರಮಾಡಿ, ಇಡೀ ಮನೆಯನ್ನೇ ಹೊರಡಿಸಬೇಕು. ಅಲ್ಲಿ ಹೋದರೆ ಪಾರ್ಕಿಂಗ್ ಜಾಗ ಮತ್ತೆ ಕಾರಿನ ಅಳತೆಯದು. ಹಾಗಾಗಿ ಕ್ಯಾಂಪ್‌ಗ್ರೌಂಡ್ ಆರಿಸುವಾಗ ಉದ್ದ, ನೀರು, ಕರೆಂಟಿನ ಜೊತೆಗೆ ಉಚಿತ ಷಟಲ್ ಬಸ್ಸು ಎಷ್ಟು ದೂರ ಎಂಬುದನ್ನೂ ನೋಡಬೇಕು. ಜಯಾನ್‌ನ ವಾಚ್‌ಮನ್ ಕ್ಯಾಂಪ್‌ಗ್ರೌಂಡಿನಲ್ಲಿ ಕರೆಂಟಿನ ಜಾಗಗಳಿವೆ, ಷಟಲ್ ಹೊರಡುವ ವಿಸಿಟರ್ ಸೆಂಟರ್ ನಡೆದು ಹೋಗುವಷ್ಟು ಹತ್ತಿರ. ಬಸ್ಸು ಓಡುವ ತಿಂಗಳುಗಳಲ್ಲಿ ಕಣಿವೆಯ ರಸ್ತೆಗೆ ಖಾಸಗಿ ವಾಹನಗಳನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಅಲ್ಲಿ ಮೂರು ರಾತ್ರಿಗೆ ಜಾಗ ಹಿಡಿದವರು ಗಾಡಿಯನ್ನು ಒಮ್ಮೆ ಹಿಮ್ಮುಖವಾಗಿ ನಿಲ್ಲಿಸಿ, ಸಮತಟ್ಟು ಮಾಡಿ, ತಂತಿ ಸಿಕ್ಕಿಸಿದರೆ, ನಾಲ್ಕನೆಯ ದಿನದವರೆಗೆ ಅದರ ಕೀಲಿಯನ್ನು ಮುಟ್ಟಬೇಕಾಗಿಲ್ಲ.