ಹೊಲದ ಪ್ರಶ್ನೆ ಸಭಾಂಗಣವನ್ನು ತಲುಪುವ ಬಗೆ: ಕೃಷಿ ಎಂಜಿನಿಯರರ ವಾರ್ಷಿಕ ಸಮಾವೇಶ

ಜತ್ತದ ರೈತರೊಬ್ಬರು ಒಂದು ಕಂಪನಿಯ ಟ್ರ್ಯಾಕ್ಟರಿಗೆ ಮತ್ತೊಂದು ಕಂಪನಿಯ ರೋಟವೇಟರನ್ನು ಜೋಡಿಸಿ ಹೊಲಕ್ಕಿಳಿಯುತ್ತಾರೆ. ಅವೆರಡನ್ನೂ ತಯಾರಿಸಿದವರು ಒಬ್ಬರ ಮುಖವನ್ನೊಬ್ಬರು ಕಂಡಿರಲಿಕ್ಕಿಲ್ಲ. ಆದರೂ ಟ್ರ್ಯಾಕ್ಟರಿನ ಹಿಂಬದಿಯ ದಂಡ ಉಪಕರಣಕ್ಕೆ ಸರಿಯಾಗಿ ಕೂಡಿಕೊಳ್ಳುತ್ತದೆ. ನಿಗದಿತ ವೇಗದಲ್ಲಿ ಅದನ್ನು ತಿರುಗಿಸುತ್ತದೆ. ಎಂಜಿನಿನ ಶಕ್ತಿಯನ್ನು ಉಪಕರಣಕ್ಕೆ ಒಯ್ಯುವ ಆ ದಂಡಕ್ಕೆ ನಮ್ಮ ರೈತರು ಪಿಟಿಒ ಎನ್ನುತ್ತಾರೆ. ಅದರ ರೂಢಿಯ ವೇಗ ನಿಮಿಷಕ್ಕೆ 540 ಸುತ್ತು.

ಈ ಸಂಖ್ಯೆ ತಾನಾಗಿ ಬಂದುದಲ್ಲ. ಪಿಟಿಒ ಅಳವಡಿಸಿದ ಟ್ರ್ಯಾಕ್ಟರುಗಳು ಅಮೆರಿಕದಲ್ಲಿ ಬಳಕೆಗೆ ಬಂದ ಮೊದಲ ವರ್ಷಗಳಲ್ಲಿ ಒಬ್ಬೊಬ್ಬ ತಯಾರಕರದು ಒಂದೊಂದು ಅಳತೆಯಾಗಿತ್ತು. ಒಂದು ಕಂಪನಿಯ ಯಂತ್ರ ಕೊಂಡವರು ಉಪಕರಣಗಳನ್ನೂ ಆ ಕಂಪನಿಯಿಂದಲೇ ಕೊಳ್ಳಬೇಕಾಗುತ್ತಿತ್ತು. 1920ರ ದಶಕದಲ್ಲಿ ಅಲ್ಲಿನ ಕೃಷಿ ಎಂಜಿನಿಯರರ ಸಂಘ ಇದಕ್ಕೊಂದು ಸಮಾನ ಮಾನಕವನ್ನು ರೂಪಿಸಿತು. ಆ ಒಪ್ಪಂದದ ಫಲವನ್ನು ಇಂದು ನಮ್ಮ ಗಡಿಭಾಗದ ಹೊಲಗಳೂ ಉಣ್ಣುತ್ತಿವೆ. ಆ ಸಂಘದವರು ವರ್ಷಕ್ಕೊಮ್ಮೆ ಎಲ್ಲಿ ಸೇರುತ್ತಾರೆ, ಅಲ್ಲಿ ಏನು ನಡೆಯುತ್ತದೆ, ಅಲ್ಲಿಗೆ ನಮ್ಮ ಮಕ್ಕಳು ಹೋಗಬಲ್ಲರೇ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸಂಘದ ಹಿನ್ನೆಲೆ

1907ರ ಡಿಸೆಂಬರಿನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದ ವಿಶ್ವವಿದ್ಯಾಲಯದಲ್ಲಿ ಈ ಸಂಘ ಹುಟ್ಟಿತು. ಅಯೋವಾದ ಪ್ರಾಧ್ಯಾಪಕ ಜೆ. ಬಿ. ಡೇವಿಡ್‌ಸನ್ ಅದರ ಮೊದಲ ಅಧ್ಯಕ್ಷರು. ಇಂದು ಅದರ ಕೇಂದ್ರ ಕಚೇರಿ ಮಿಷಿಗನ್ ರಾಜ್ಯದ ಸೇಂಟ್ ಜೋಸೆಫ್ ಎಂಬ ಊರಿನಲ್ಲಿದೆ. ಕೃಷಿ ಎಂಜಿನಿಯರರ ಸಂಘವೆಂದೇ ಕರೆಸಿಕೊಂಡಿದ್ದ ಅದು 2005ರಲ್ಲಿ ತನ್ನ ಹೆಸರಿಗೆ ‘ಜೈವಿಕ’ ಎಂಬ ಪದವನ್ನೂ ಸೇರಿಸಿಕೊಂಡಿತು. ನೇಗಿಲು, ಟ್ರ್ಯಾಕ್ಟರುಗಳಿಂದ ಹೊರಟ ಶಾಸ್ತ್ರವು ಆಹಾರ ಸಂಸ್ಕರಣೆ, ನೀರಿನ ಗುಣಮಟ್ಟ, ಜೈವಿಕ ಇಂಧನ, ಪಶುಗಳ ವಸತಿ, ಸಂವೇದಕ ಯಂತ್ರಗಳವರೆಗೆ ಹರಡಿಕೊಂಡಿದ್ದೇ ಇದಕ್ಕೆ ಕಾರಣ.

ಸಂಘದ ವಾರ್ಷಿಕ ಅಂತರರಾಷ್ಟ್ರೀಯ ಸಮಾವೇಶ ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ, ವರ್ಷಕ್ಕೊಂದು ನಗರದಲ್ಲಿ ನಡೆಯುತ್ತದೆ. 2023ರಲ್ಲಿ ನೆಬ್ರಾಸ್ಕಾದ ಒಮಾಹಾ, 2024ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್, 2025ರಲ್ಲಿ ಕೆನಡಾದ ಟೊರೊಂಟೊ ಅದಕ್ಕೆ ನೆಲೆಯಾದವು.

ಸಮಾವೇಶದೊಳಗೆ

ನಮ್ಮ ಕಡೆಯ ಸಮ್ಮೇಳನಗಳಲ್ಲಿ ಒಂದು ದೊಡ್ಡ ವೇದಿಕೆ, ಅದರ ಮುಂದೆ ಸಾವಿರಾರು ಶ್ರೋತೃಗಳು ಇರುತ್ತಾರೆ. ಎಂಜಿನಿಯರರ ಸಮಾವೇಶದಲ್ಲಿ ಅಂಥ ಸಭೆ ಒಂದೆರಡು ಹೊತ್ತು ಮಾತ್ರ. ಉಳಿದ ಕಾಲವೆಲ್ಲ ಹತ್ತಾರು ಕೊಠಡಿಗಳಲ್ಲಿ ಏಕಕಾಲಕ್ಕೆ ಚಿಕ್ಕ ಗೋಷ್ಠಿಗಳು ನಡೆಯುತ್ತವೆ. ಒಂದೆಡೆ ಯಂತ್ರ ವ್ಯವಸ್ಥೆ, ಇನ್ನೊಂದೆಡೆ ನೆಲಜಲ ಮತ್ತು ಪರಿಸರ, ಮತ್ತೊಂದೆಡೆ ಧಾನ್ಯ ಸಂಸ್ಕರಣೆ, ಮಗದೊಂದೆಡೆ ದುಡಿಯುವವರ ಸುರಕ್ಷತೆ ಮತ್ತು ಆರೋಗ್ಯ.

ಗೋಷ್ಠಿಗೆ ಬರುವ ದಾರಿಯನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಕಾಸರಗೋಡಿನ ಪಡ್ರೆ ಅಥವಾ ಬಾಯಾರು ಕಡೆಯ ವಿದ್ಯಾರ್ಥಿನಿಯೊಬ್ಬಳು ಮುಂದೆ ಕೃಷಿ ಎಂಜಿನಿಯರಿಂಗಿನಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡುತ್ತಿದ್ದಾಳೆ ಎಂದುಕೊಳ್ಳಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ, ಪಂಪಿನ ಹಂಗಿಲ್ಲದೆ, ಇಳಿಜಾರಿನ ಬಲದಿಂದಲೇ ನೀರು ಹರಿದು ಬರುವುದನ್ನು ಆಕೆ ಬಾಲ್ಯದಿಂದ ಕಂಡವಳು. ಬೇಸಿಗೆಯಲ್ಲಿ ಆ ಹರಿವು ಎಷ್ಟು ಕುಗ್ಗುತ್ತದೆ, ಗುಡ್ಡದ ಮೇಲೆ ಇಂಗುಗುಂಡಿ ತೋಡಿದರೆ ಏನು ವ್ಯತ್ಯಾಸವಾಗುತ್ತದೆ ಎಂಬುದನ್ನು ಎರಡು ವರ್ಷ ಅಳೆದು ದಾಖಲಿಸುತ್ತಾಳೆ.

ಸಮಾವೇಶಕ್ಕೆ ಹಲವು ತಿಂಗಳು ಮೊದಲೇ ಆಕೆ ಒಂದು ಸಾರಲೇಖವನ್ನು ಕಳುಹಿಸಬೇಕು. ಸಮಸ್ಯೆ ಯಾವುದು, ಹೇಗೆ ಅಳೆದಿರಿ, ಏನು ಕಂಡಿರಿ, ಅದರಿಂದ ಯಾರಿಗೆ ಉಪಯೋಗ ಎಂಬ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಬೇಕು. ಅದು ಅಂಗೀಕಾರವಾದರೆ ನೆಲಜಲ ವಿಭಾಗದ ಗೋಷ್ಠಿಯೊಂದರಲ್ಲಿ ಆಕೆಗೆ ಸ್ಥಾನ ದೊರೆಯುತ್ತದೆ. ಮಾತಿಗೆ ಸಿಗುವುದು ಕಾಲು ಗಂಟೆಯ ಆಸುಪಾಸು. ಪ್ರಶ್ನೋತ್ತರವೂ ಅದರಲ್ಲೇ ಮುಗಿಯಬೇಕು. ಎರಡು ವರ್ಷದ ಶ್ರಮವನ್ನು ಅಷ್ಟರಲ್ಲಿ ಹೇಳಬೇಕಾದ್ದರಿಂದ ಪೀಠಿಕೆ, ಉಪಚಾರಗಳಿಗೆ ಅಲ್ಲಿ ಎಡೆಯಿಲ್ಲ.

ಮಾತಿನ ಬದಲು ಭಿತ್ತಿಪತ್ರದ ಮೂಲಕವೂ ವಿಷಯ ಮಂಡಿಸಬಹುದು. ನಕ್ಷೆ, ಚಿತ್ರ, ಅಂಕಿಅಂಶಗಳಿರುವ ದೊಡ್ಡ ಹಾಳೆಯನ್ನು ತೂಗುಹಾಕಿ ನಿಗದಿತ ಹೊತ್ತು ಅದರ ಪಕ್ಕದಲ್ಲಿ ನಿಲ್ಲಬೇಕು. ಆಸಕ್ತರು ಬಳಿಬಂದು ಓದುತ್ತಾರೆ, ಕೇಳುತ್ತಾರೆ. ಮೊದಲ ಬಾರಿ ಹೋಗುವವರಿಗೆ ಇದು ಹೆಚ್ಚು ಫಲಕಾರಿ. ಇರಾನಿನ ಕನಾತ್ ಕಾಲುವೆಗಳನ್ನು ಅಭ್ಯಸಿಸಿದವರು ಯಾರಾದರೂ ಅಲ್ಲಿ ನಿಂತು ಮಾತಾಡಿದರೆ, ನಮ್ಮ ಸುರಂಗಕ್ಕೆ ದೂರದ ನೆಂಟರಿದ್ದಾರೆಂಬುದು ಆಕೆಗೆ ತಿಳಿಯುತ್ತದೆ.

ಇದರ ಜೊತೆಗೆ ವಿದ್ಯಾರ್ಥಿಗಳ ಸ್ಪರ್ಧೆಗಳೂ ಇರುತ್ತವೆ. ರೋಬಾಟ್ ಸ್ಪರ್ಧೆಯಲ್ಲಿ ಪುಟ್ಟ ಹೊಲದಂಥ ಹಲಗೆಯ ಮೇಲೆ, ಮನುಷ್ಯನ ಕೈ ಸೋಕದೆ, ಯಂತ್ರವೇ ಆ ವರ್ಷ ಒಪ್ಪಿಸಿದ ಕೃಷಿಕಾರ್ಯವನ್ನು ಮಾಡಿ ತೋರಿಸಬೇಕು. ಭಾರತ ಮೂಲದ ಕೃಷಿ, ಜೈವಿಕ ಹಾಗೂ ಆಹಾರ ಎಂಜಿನಿಯರರಿಗೆ ತಮ್ಮದೇ ಸಂಘವೂ ಇದ್ದು, ಅದರ ಸದಸ್ಯರೂ ಇದೇ ಸಂದರ್ಭದಲ್ಲಿ ಒಟ್ಟುಗೂಡುತ್ತಾರೆ.

ಮಾನಕ ಹುಟ್ಟುವ ಕೋಣೆ

ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳದಿದ್ದರೂ ಬಹುಕಾಲ ಫಲ ನೀಡುವ ಕೆಲಸ ನಡೆಯುವುದು ಸಮಿತಿಗಳ ಸಭೆಗಳಲ್ಲಿ. ವಿಶ್ವವಿದ್ಯಾಲಯದವರು, ಯಂತ್ರ ತಯಾರಕರು, ಸರ್ಕಾರದ ತಜ್ಞರು ಅಲ್ಲಿ ಒಂದೇ ಮೇಜಿನ ಸುತ್ತ ಕೂತು ಮಾನಕಗಳ ಕರಡನ್ನು ಪರಿಶೀಲಿಸುತ್ತಾರೆ.

ಅಂಥ ಒಂದು ಮಾನಕದ ಕಥೆ ನಮಗೂ ಹತ್ತಿರದ್ದು. ಅಕ್ಕಲಕೋಟೆ, ಜತ್ತದ ಕಡೆ ಕಬ್ಬಿನ ಹಂಗಾಮಿನಲ್ಲಿ ಸಂಜೆ ಪ್ರಯಾಣ ಮಾಡಿದವರಿಗೆ, ಹಿಂಬದಿಯಲ್ಲಿ ದೀಪವಿಲ್ಲದ ಟ್ರ್ಯಾಲಿ ಹಠಾತ್ತನೆ ಎದುರಾಗುವ ಭಯ ಗೊತ್ತು. ಅಮೆರಿಕದ ಗ್ರಾಮೀಣ ರಸ್ತೆಗಳಲ್ಲೂ ನಿಧಾನವಾಗಿ ಚಲಿಸುವ ಕೃಷಿ ವಾಹನಗಳಿಗೆ ಹಿಂದಿನಿಂದ ಬಂದ ಕಾರುಗಳು ಅಪ್ಪಳಿಸುತ್ತಿದ್ದವು. 1960ರ ದಶಕದ ಆರಂಭದಲ್ಲಿ ಓಹಾಯೊ ರಾಜ್ಯ ವಿಶ್ವವಿದ್ಯಾಲಯದ ಕೆನ್ ಹಾರ್ಕ್‌ನೆಸ್ ಮತ್ತು ಸಂಗಡಿಗರು ಅಪಘಾತಗಳನ್ನು ಅಧ್ಯಯನ ಮಾಡಿ, ಬೇರೆ ಬೇರೆ ಆಕಾರ, ಬಣ್ಣಗಳನ್ನು ಪರೀಕ್ಷಿಸಿದರು. ಕಡೆಗೆ ಕಿತ್ತಳೆ ಬಣ್ಣದ ನಡುಭಾಗ, ಬೆಳಕನ್ನು ಪ್ರತಿಫಲಿಸುವ ಕೆಂಪು ಅಂಚು ಇರುವ ತ್ರಿಕೋನವನ್ನು ಆರಿಸಿದರು. ಹಗಲಿನಲ್ಲಿ ಕಿತ್ತಳೆ ಹೊಳೆಯುತ್ತದೆ, ಇರುಳಿನಲ್ಲಿ ಕೆಂಪು ಅಂಚು ಮಿನುಗುತ್ತದೆ. ಎಂಜಿನಿಯರರ ಸಂಘ ಅದನ್ನು ತನ್ನ ಮಾನಕವಾಗಿ ಸ್ವೀಕರಿಸಿತು. ಮುಂದೆ ಅದು ರಾಷ್ಟ್ರೀಯ ಮಾನಕವೂ ಆಯಿತು. ರಸ್ತೆಯಲ್ಲಿ ಕಂಡ ಒಂದು ಸಂಕಟ ಪ್ರಯೋಗಾಲಯದ ಪ್ರಶ್ನೆಯಾಗಿ, ಕೊನೆಗೆ ವಾಹನಗಳ ಬೆನ್ನಿಗೆ ಅಂಟಿದ ರಕ್ಷಣೆಯಾದ ಬಗೆ ಇದು.

ಭಾಷೆಯ ಪ್ರಶ್ನೆ

ಪಾಲಕರು ಇಲ್ಲಿ ಕೇಳುವ ಪ್ರಶ್ನೆ ಒಂದೇ: ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಇಂಥ ಕಡೆ ನಿಂತು ಮಾತಾಡೀತೇ? ಉತ್ತರವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಸಮಾವೇಶದ ಭಾಷೆ ಇಂಗ್ಲಿಷ್. ಸಾರಲೇಖ, ಮಂಡನೆ, ಪ್ರಶ್ನೋತ್ತರ ಎಲ್ಲವೂ ಅದರಲ್ಲೇ. ಆದ್ದರಿಂದ ಇಂಗ್ಲಿಷನ್ನು ಒಂದು ಭಾಷೆಯಾಗಿ ಶ್ರದ್ಧೆಯಿಂದ ಕಲಿಸುವ ಹೊಣೆಯಿಂದ ನಮ್ಮ ಶಾಲೆಗಳು ನುಣುಚಿಕೊಳ್ಳುವಂತಿಲ್ಲ.

ಆದರೆ ಬ್ರೆಜಿಲ್, ಚೀನಾ, ಜಪಾನ್, ಕೊರಿಯಾಗಳಿಂದ ಬರುವವರಿಗೂ ಇಂಗ್ಲಿಷ್ ಕಲಿತ ಭಾಷೆಯೇ ಹೊರತು ಮನೆಮಾತಲ್ಲ. ಅಲ್ಲಿ ತೂಗಿ ನೋಡುವುದು ಅಳತೆಯ ನಿಖರತೆಯನ್ನು, ತರ್ಕದ ನೇರವನ್ನು. ಕಾಲು ಗಂಟೆಯ ಮಾತಿಗೆ ಬೇಕಾದ ಇಂಗ್ಲಿಷನ್ನು ಕಾಲೇಜಿನ ವರ್ಷಗಳಲ್ಲಿ ಅಭ್ಯಾಸದಿಂದ ಗಳಿಸಬಹುದು. ಹೊಲವನ್ನು ಕಂಡ ಕಣ್ಣು ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಕೂರಿಗೆಯ ತಾಳುಗಳ ನಡುವಿನ ಅಂತರ ಏಕೆ ಅಷ್ಟಿರಬೇಕು, ಒಡ್ಡು ಯಾವ ಮಳೆಗೆ ಎಲ್ಲಿ ಒಡೆಯುತ್ತದೆ, ದೋಟಿ ಹಿಡಿದು ಅಡಿಕೆ ಕೊಯ್ಯುವವರ ಕತ್ತು ಸಂಜೆಗೆ ಏಕೆ ನೋಯುತ್ತದೆ ಎಂಬುದನ್ನು ಮಗು ಮನೆಮಾತಿನಲ್ಲೇ ಗಮನಿಸಿ, ಹೆಸರಿಸಿ, ಕಾರಣ ಕೇಳಿರುತ್ತದೆ. ಗೋಷ್ಠಿಗಳು ಬೆಳೆಯುವುದು ಇಂಥ ಪ್ರಶ್ನೆಗಳಿಂದಲೇ.

ಇಲ್ಲಿಂದ ಅಲ್ಲಿಗೆ

ಕೃಷಿ ಎಂದೊಡನೆ ಜೀವಶಾಸ್ತ್ರ ತೆಗೆದುಕೊಂಡರೆ ಸಾಕೆಂದು ಹಲವರು ಭಾವಿಸುತ್ತಾರೆ. ಕೃಷಿ ಎಂಜಿನಿಯರಿಂಗ್ ಪದವಿಗೆ ಗಣಿತ ಮತ್ತು ಭೌತಶಾಸ್ತ್ರ ಅವಶ್ಯಕ. ಹತ್ತನೆಯ ತರಗತಿಯ ನಂತರ ವಿಷಯ ಆಯ್ದುಕೊಳ್ಳುವಾಗಲೇ ಇದು ನೆನಪಿನಲ್ಲಿರಲಿ.

ಈ ಪದವಿಯ ಕಾಲೇಜುಗಳು ಗಡಿನಾಡಿಗೆ ದೂರವಿಲ್ಲ. ಕೇರಳದ ತವನೂರು, ತಮಿಳುನಾಡಿನ ಕೊಯಮತ್ತೂರು, ಮಹಾರಾಷ್ಟ್ರದ ರಾಹುರಿ, ತೆಲಂಗಾಣದ ಸಂಗಾರೆಡ್ಡಿ ಬಳಿಯ ಕಂದಿ, ಕರ್ನಾಟಕದ ರಾಯಚೂರುಗಳಲ್ಲಿ ಅವು ಇವೆ. ಆಂಧ್ರದಲ್ಲಂತೂ ನಮ್ಮದೇ ಮಡಕಶಿರಾದಲ್ಲಿ ಒಂದು ಕಾಲೇಜಿದೆ. ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮವಿದ್ದು, ಅದರಡಿ ಬರುವವರು ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದು ಭಾರವೆನಿಸದು. ಆಯಾ ವರ್ಷದ ಕೈಪಿಡಿಯನ್ನು ಓದಿ, ವಾಸಸ್ಥಳ ಹಾಗೂ ವ್ಯಾಸಂಗದ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಲೇಸು.

ವಿದೇಶದ ಸಮಾವೇಶಕ್ಕೆ ನೋಂದಣಿ, ವೀಸಾ, ವಿಮಾನದ ವೆಚ್ಚಗಳು ಚಿಕ್ಕವಲ್ಲ. ಸಾಮಾನ್ಯವಾಗಿ ಅಲ್ಲಿಗೆ ಹೋಗುವವರು ಸಂಶೋಧನಾ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು; ವಿಶ್ವವಿದ್ಯಾಲಯ ಅಥವಾ ಸರ್ಕಾರದ ಸಂಶೋಧನಾ ಸಂಸ್ಥೆಗಳ ಪ್ರಯಾಣ ನೆರವು ಅವರಿಗೆ ಆಸರೆ. ಅದಕ್ಕೂ ಮೊದಲಿನ ಮೆಟ್ಟಿಲು ನಮ್ಮ ದೇಶದಲ್ಲೇ ಇದೆ. 1960ರಲ್ಲಿ ಸ್ಥಾಪಿತವಾದ ಭಾರತೀಯ ಕೃಷಿ ಎಂಜಿನಿಯರರ ಸಂಘವೂ ತನ್ನ ವಾರ್ಷಿಕ ಅಧಿವೇಶನವನ್ನು ದೇಶದ ಬೇರೆ ಬೇರೆ ಕಡೆ ನಡೆಸುತ್ತದೆ. ಪದವಿ ವಿದ್ಯಾರ್ಥಿಗಳು ರೈಲಿನಲ್ಲಿ ಹೋಗಿ ಭಿತ್ತಿಪತ್ರ ತೂಗುಹಾಕಿ ಬರಬಹುದಾದ ಜಾಗವದು.

ಅದಕ್ಕೂ ಹಿಂದಿನ ಮೆಟ್ಟಿಲು ಮನೆಯಲ್ಲೇ ಇದೆ. ಬಾವಿಯ ನೀರಿನ ಮಟ್ಟವನ್ನು ವಾರಕ್ಕೊಮ್ಮೆ ಅಳೆದು ದಿನಾಂಕದೊಡನೆ ಬರೆದಿಡುವ ಒಂದು ಪುಸ್ತಕವನ್ನು ಮಗುವಿನ ಕೈಗೆ ಕೊಡಬಹುದು. ಆ ಬರಹ ಕನ್ನಡದಲ್ಲೇ ಇರಲಿ.