ಮುರಿದ ಕಾಲಿಗೆ ಯಾವ ಬಸ್ಸು?

ಹಳೆ ಮದ್ರಾಸ್ ರಸ್ತೆಯೂ ಹೊರ ವರ್ತುಲ ರಸ್ತೆಯೂ ಕೂಡುವ ಟಿನ್ ಫ್ಯಾಕ್ಟರಿಯಲ್ಲಿ ಬೆಳಗಾದರೆ ಎರಡು ಗುಂಪು. ಕೋಲಾರ, ತಿರುಪತಿ ಬಸ್ಸಿಗೆ ಕೈ ಅಡ್ಡ ಹಿಡಿಯುವವರು ಒಂದು ಕಡೆ, ಮೆಜೆಸ್ಟಿಕ್, ಶಿವಾಜಿನಗರಕ್ಕೆ ಓಡುವವರು ಇನ್ನೊಂದು ಕಡೆ. ಬಸ್ಸು ನಿಲ್ಲುವ ಮುನ್ನವೇ ಧುಮುಕುವವರು, ಸಂದಿಯಲ್ಲಿ ನುಗ್ಗುವ ಬೈಕಿನವರು ನಡುವೆ. ಇಂಥ ಕಡೆ ಪೆಟ್ಟು ತಿನ್ನುವುದು ಹೆಚ್ಚಾಗಿ ಮೊಣಕಾಲಿನ ಕೆಳಭಾಗ. ಕಾರಿನ ಬಂಪರ್ ಇರುವ ಎತ್ತರವೇ ಅದು.

ಬಿದ್ದವನ ಸುತ್ತ ಐದೇ ನಿಮಿಷದಲ್ಲಿ ಎರಡು ಪಕ್ಷ! "ಬೌರಿಂಗ್‌ಗೆ ಕರ್ಕೊಂಡು ಹೋಗ್ರಪ್ಪಾ" ಅನ್ನುತ್ತದೆ ಒಂದು. "ಅಲ್ಲಿ ರಾಡ್ ಹಾಕ್ತಾರೆ ಕಣ್ರೀ, ಪುತ್ತೂರು ಕಟ್ಟು ಹಾಕಿಸ್ಬಿಡಿ" ಅನ್ನುತ್ತದೆ ಇನ್ನೊಂದು. ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದಲ್ಲಿ ತಿರುಪತಿ ಆಚೆಗಿನದು. ಅದರ ಹೆಸರಿನ ಬೋರ್ಡುಗಳು ಬೆಂಗಳೂರಲ್ಲೂ ಬೇಕಾದಷ್ಟಿವೆ.

ಕಟ್ಟನ್ನು ಹೀಗಳೆಯಬೇಕಾಗಿಲ್ಲ. ಚರ್ಮ ಹರಿಯದೆ, ಮೂಳೆ ಜರುಗದೆ ಬಿರುಕಷ್ಟೇ ಬಿಟ್ಟಿದ್ದರೆ ಅಲುಗದಂತೆ ಹಿಡಿದಿಟ್ಟರೆ ಕೂಡಿಕೊಳ್ಳುತ್ತದೆ. ಬಿದಿರು ದಬ್ಬೆಯಾಗಲಿ, ಆಸ್ಪತ್ರೆಯ ಪಿಒಪಿಯಾಗಲಿ ಮಾಡುವ ಕೆಲಸ ಅದೇ. ಆದರೆ ಬಿರುಕೋ, ಎರಡು ತುಂಡೋ ಎಂದು ಹೇಳುವುದು ಎಕ್ಸ್-ರೇ. ಮುಟ್ಟಿ ನೋಡಿದ ಕೈಗೆ ಎಲ್ಲವೂ ತಿಳಿಯುವುದಿಲ್ಲ.

ಕೆಳಗಾಲಿನ ಸಮಸ್ಯೆ ಬೇರೆಯೇ ಇದೆ. ಅಲ್ಲಿರುವ ಎರಡು ಮೂಳೆಗಳಲ್ಲಿ ಮೈಭಾರ ಹೊರುವುದು ಮುಂದಿನ ದಪ್ಪ ಮೂಳೆ. ಅದಕ್ಕೆ ಮುಂದುಗಡೆ ಮಾಂಸದ ಹೊದಿಕೆಯೇ ಇಲ್ಲ, ಬರೀ ಚರ್ಮ. ಹಾಗಾಗಿ ಮುರಿದರೆ ಚರ್ಮ ಸೀಳಿ ಹೊರಬರುವುದು ಸುಲಭ. ಗಾಯವಿದ್ದ ಮುರಿತ ಯಾವ ಕಟ್ಟಿಗೂ ಹೋಗಕೂಡದು. ರಸ್ತೆಯ ಮಣ್ಣು ಮೂಳೆಗೇ ತಾಗಿರುತ್ತದೆ. ನಂಜು ತಡೆಯುವ ಚುಚ್ಚುಮದ್ದು ಬೇಗ ಬೀಳಬೇಕು, ಗಾಯ ತೊಳೆಯಬೇಕು. ತಿರುಪತಿ ಬಸ್ಸಿನಲ್ಲಿ ಕಳೆಯುವ ಐದಾರು ಗಂಟೆ ಮುಂದೆ ವರ್ಷಗಟ್ಟಲೆ ಕೀವು ಸುರಿಸಬಹುದು.

ಗಾಯವಿಲ್ಲದಿದ್ದರೂ ಇನ್ನೊಂದು ಅಪಾಯ. ಒಳಗೆ ಊತ ಏರಿ ರಕ್ತ ಓಡಾಟ ನಿಲ್ಲುತ್ತದೆ. ಮಾತ್ರೆಗೂ ಬಗ್ಗದ ನೋವು, ಬೆರಳು ಅಲುಗಿಸಿದರೆ ಜೀವ ಹೋದಂತಾಗುವುದು, ಜೋಮು — ಇವು ಗುರುತು. ಆರು ಗಂಟೆ ದಾಟಿದರೆ ಮಾಂಸಖಂಡ ಸತ್ತೇ ಹೋಗಬಹುದು. ಬಿಗಿ ಕಟ್ಟು ಆಗ ಉರಿಯುವ ಬೆಂಕಿಗೆ ತುಪ್ಪ. ಕಟ್ಟಿದವರು ಯಾರೇ ಇರಲಿ, ಕೂಡಲೇ ಬಿಚ್ಚಿಸಬೇಕು.

ರಾಡ್ ಎಂಬ ಗುಮ್ಮ

ಜನ ಹೆದರುವ ಆ ರಾಡ್ ಜರ್ಮನಿಯ ಕ್ಯೂಂಚರ್ ಎಂಬ ಶಸ್ತ್ರವೈದ್ಯ 1940ರ ಸುಮಾರಿಗೆ ಬಳಕೆಗೆ ತಂದದ್ದು. ಮೂಳೆಯ ಪೊಳ್ಳಿನೊಳಗೆ ಕಂಬಿ ತೂರಿಸುವುದು. ಈಗ ಮೇಲೆ, ಕೆಳಗೆ ಸ್ಕ್ರೂ ಹಾಕಿ ತಿರುಗದಂತೆ ಬಂಧಿಸುತ್ತಾರೆ. ಲಾಭವೆಂದರೆ ಮೊಣಕಾಲು ಬಿಗಿದುಕೊಳ್ಳುವುದಿಲ್ಲ, ಬಹಳ ಮಂದಿ ಬೇಗ ವಾಕರ್ ಹಿಡಿದು ಎದ್ದು ನಿಲ್ಲುತ್ತಾರೆ. ಹಾಗೆಂದು ಮೂಳೆ ಕೂಡಿತೆಂದಲ್ಲ. ಪೂರ್ತಿ ಗಟ್ಟಿಯಾಗಲು ನಾಲ್ಕರಿಂದ ಆರು ತಿಂಗಳು ಸಾಮಾನ್ಯ. ಬೀಡಿ, ಸಿಗರೇಟು ಬಿಡದವರಿಗೆ, ಸಕ್ಕರೆ ಕಾಯಿಲೆಯವರಿಗೆ ಇನ್ನೂ ತಡ. ಪಕ್ಕದ ಅಂಗಡಿಯವರು ಹೇಳಿದರೆಂದು ಕಾಲೂರುವುದಲ್ಲ, ಡಾಕ್ಟರು ಎಕ್ಸ್-ರೇ ನೋಡಿ ಹೇಳಬೇಕು. ಮೀನಖಂಡ ಊದಿ ಬಿಸಿಯಾದರೆ ರಕ್ತ ಹೆಪ್ಪುಗಟ್ಟಿರಬಹುದು, ಕಾಯಬಾರದು.

ಬಿದ್ದ ಜಾಗದಲ್ಲಿ

ಕಾಲು ಎಳೆದು ನೆಟ್ಟಗೆ ಮಾಡುವ ಪರಾಕ್ರಮ ಬೇಡ. ರಟ್ಟು, ಮಡಿಸಿದ ಪತ್ರಿಕೆ, ಕೊಡೆ ಕೈಗೆ ಸಿಕ್ಕಿದ್ದನ್ನು ಪಕ್ಕಕ್ಕಿಟ್ಟು ಮೊಣಕಾಲಿನ ಮೇಲೊಂದು, ಹರಡಿನ ಬಳಿಯೊಂದು ಸಡಿಲ ಕಟ್ಟು. ಗಾಯಕ್ಕೆ ಶುಭ್ರ ಬಟ್ಟೆ. ಅರಿಶಿನ, ಕಾಫಿಪುಡಿ ಬೇಡವೇ ಬೇಡ. ಊತ ಬರುವ ಮುನ್ನ ಕಾಲ್ಗೆಜ್ಜೆ, ಕಾಲುಂಗುರ ತೆಗೆಯಿರಿ. ಊಟ, ಕಾಫಿ ಕೊಡಬೇಡಿ, ಆಪರೇಶನ್ ಆಗಬಹುದು. ಕಾಲು ಹೊರಗೆ ಜೋತುಬಿಟ್ಟು ಆಟೋದಲ್ಲಿ ತುರುಕುವ ಬದಲು 108ಕ್ಕೆ ಫೋನ್. ಇಂದಿರಾನಗರದಲ್ಲಿ ಸಿ.ವಿ. ರಾಮನ್ ಆಸ್ಪತ್ರೆಯಿದೆ, ಶಿವಾಜಿನಗರದಲ್ಲಿ ಬೌರಿಂಗ್. ಸಹಾಯ ಮಾಡಿದವರನ್ನು ಪೊಲೀಸು, ಕೋರ್ಟೆಂದು ಅಲೆದಾಡಿಸದಂತೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ.

ಇನ್ನು ದುಡ್ಡಿನ ಮಾತು. ದಿನವಿಡೀ ನಿಂತೇ ವ್ಯಾಪಾರ ಮಾಡುವವರಿಗೆ, ದಿನಗೂಲಿಯವರಿಗೆ ಆರು ತಿಂಗಳೆಂದರೆ ಆಟವೇ? ವಾಹನ ಅಪಘಾತಕ್ಕೆ ಸಿಕ್ಕವರಿಗೆ ಗುರುತಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದಿಲ್ಲದ ಚಿಕಿತ್ಸೆ ಎಂದು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಯೋಜನೆ ಪ್ರಕಟಿಸಿತು. ಇಎಸ್‌ಐ ಕಟ್ಟುವ ಕಾರ್ಮಿಕರಿಗೆ ಮತ್ತೊಂದು ಆಸರೆಯಿದೆ. ಕೆಲಸಕ್ಕೆ ಹೋಗುವಾಗ, ಬರುವಾಗ ದಾರಿಯಲ್ಲಾದ ಅಪಘಾತವನ್ನೂ 2010ರ ತಿದ್ದುಪಡಿ ಕೆಲಸದ ಗಾಯದ ಲೆಕ್ಕಕ್ಕೆ ಸೇರಿಸಿತು. ರುಜುವಾತಾದರೆ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ಶೇಕಡಾ 90ರಷ್ಟು ಸಿಗುತ್ತದೆ. ಆದ್ದರಿಂದ ಆಸ್ಪತ್ರೆ ಚೀಟಿ, ಎಕ್ಸ್-ರೇ ಜೊತೆಗೆ ಆವತ್ತಿನ ಬಸ್ ಟಿಕೆಟ್ಟನ್ನೂ ಜೋಪಾನ ಮಾಡಿ, ಮಾಲೀಕರಿಗೆ ತಡಮಾಡದೆ ಸುದ್ದಿ ಮುಟ್ಟಿಸಬೇಕು.