ಇದು ಯಾವ ಊರಿನ ಇಸಿಜಿ?

ಮಣಿಕಟ್ಟಿನ ವಾಚಿನಲ್ಲೇ ಇಸಿಜಿ ನೋಡುವುದು ಈಗ ಹೊಸ ವಿಷಯವೇನಲ್ಲ. ಆದರೆ ಆ ಗೆರೆ ಸರಿ ಇದೆ ಅಂತ ವಾಚ್ ಮಾಡಿದವರಿಗಾದರೂ ಹೇಗೆ ಗೊತ್ತಾಗುತ್ತೆ? ಚರ್ಮದ ಮೇಲೆ ಸಿಗುವ ಹೃದಯದ ಸಿಗ್ನಲ್ ಒಂದು ಮಿಲಿವೋಲ್ಟ್ ಆಸುಪಾಸು, ಅಷ್ಟೇ. ಉಸಿರಾಡಿದರೆ ತೇಲುತ್ತೆ, ಕೈ ಆಡಿಸಿದರೆ ನಡುಗುತ್ತೆ, ಗೋಡೆಯ ವೈರಿಂಗ್ ಕೂಡ ಅದರೊಳಗೆ ಗುಂಯ್ ಅನ್ನುತ್ತೆ. ಈ ಗಲಾಟೆಯಲ್ಲಿ ಬಡಿತವನ್ನು ಹೆಕ್ಕುವುದೇ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್‌ನವರ ಕೆಲಸ.

ಹೆಕ್ಕಿದ್ದು ಸರಿಯೋ ಅಂತ ನೋಡೋಕೆ ಅವರೆಲ್ಲ ಬಳಸುವ ಅಳತೆಗೋಲು ಒಂದಿದೆ: ಎಂಐಟಿ-ಬಿಐಎಚ್ ಅರಿತ್ಮಿಯಾ ಡೇಟಾಬೇಸ್. 1975ರಿಂದ 1979ರ ನಡುವೆ ಬಾಸ್ಟನ್ನಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ತೆಗೆದ ರೆಕಾರ್ಡಿಂಗ್‌ಗಳಿಂದ ಆರಿಸಿದ 48 ದಾಖಲೆಗಳು, ಒಂದೊಂದೂ ಅರ್ಧ ಗಂಟೆಯದು. 23 ಚೀಟಿ ಎತ್ತಿದಂತೆ ಆರಿಸಿದವು. ಉಳಿದ 25 ಅಪರೂಪದ, ಮುಖ್ಯವಾದ ತೊಂದರೆಗಳಿಗಾಗಿ ಹುಡುಕಿ ತೆಗೆದವು. ಇಬ್ಬರು ಹೃದ್ರೋಗ ತಜ್ಞರು ಬೇರೆಬೇರೆಯಾಗಿ ಕೂತು ಒಂದೊಂದೇ ಬಡಿತಕ್ಕೆ ಗುರುತು ಹಾಕಿದರು. ಒಟ್ಟು ಸುಮಾರು 1,10,000 ಗುರುತು! ಮಾತು ಕೂಡದ ಕಡೆ ಚರ್ಚಿಸಿ ತೀರ್ಮಾನಿಸಿದರು. 1980ರಲ್ಲಿ ಟೇಪ್ ಸುರುಳಿಗಳಲ್ಲಿ ಹಂಚಲು ಶುರು ಮಾಡಿದ ಇದು ಈಗ ಫಿಸಿಯೋನೆಟ್‌ನಲ್ಲಿ ಯಾರಿಗೆ ಬೇಕಾದರೂ ಉಚಿತ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇಳಿಸಿಕೊಂಡೆ. ಕರೆಂಟಿನ 50 ಹರ್ಟ್ಸ್ ಕಳೆಯುವ ನಾಚ್ ಫಿಲ್ಟರ್ ಹಚ್ಚಿದೆ. ಗುಂಯ್ ಹೋಗಲೇ ಇಲ್ಲ. ಎರಡು ದಿನ ಕೋಡ್ ತಡಕಾಡಿದ ಮೇಲೆ ಸೀನಿಯರ್ ಒಬ್ಬರು ಬಗ್ಗಿ ನೋಡಿ, "ಇದು ಯಾವ ಊರಿನ ಇಸಿಜಿ?" ಅಂದ್ರು. ಅಮೆರಿಕದ ಕರೆಂಟು 60 ಹರ್ಟ್ಸ್! ಡೇಟಾ ಜೊತೆಗಿನ ಟಿಪ್ಪಣಿಯಲ್ಲೇ ಇತ್ತು: ಸೆಕೆಂಡಿಗೆ 360 ಸ್ಯಾಂಪಲ್ ಇಟ್ಟಿದ್ದೇ 60 ಹರ್ಟ್ಸ್ ತೆಗೆಯುವುದು ಸುಲಭವಾಗಲಿ ಅಂತ. ಅಲೆಗೆ ಸರಿಯಾಗಿ ಆರು ಸ್ಯಾಂಪಲ್. ನಮ್ಮ 50ಕ್ಕೆ ಭಾಗಿಸಿ ನೋಡಿ, 7.2.

ಇದು ನಕ್ಕು ಮರೆಯುವ ತಪ್ಪು. ಎಲ್ಲವೂ ಹಾಗಲ್ಲ. ತೇಲುವ ಗೆರೆಯನ್ನು ನೆಟ್ಟಗೆ ಮಾಡೋಣ ಅಂತ 0.5 ಹರ್ಟ್ಸ್‌ಗಿಂತ ಕೆಳಗಿನದನ್ನು ಸಾಮಾನ್ಯ ಫಿಲ್ಟರ್‌ನಿಂದ ಕತ್ತರಿಸಿದರೆ ಪರದೆ ಚೆಂದ ಕಾಣುತ್ತೆ, ಆದರೆ ಎಸ್‌ಟಿ ಭಾಗ ಮೇಲೆ ಕೆಳಗೆ ಸರಿಯಬಹುದು. ಹೃದಯಾಘಾತದ ಸುಳಿವಿಗಾಗಿ ವೈದ್ಯರು ನೋಡುವ ಜಾಗವೇ ಅದು. ಅದಕ್ಕೇ ರೋಗ ಪತ್ತೆಯ ಇಸಿಜಿಯಲ್ಲಿ 0.05 ಹರ್ಟ್ಸ್‌ವರೆಗೂ ಉಳಿಸಿಕೊಳ್ಳುತ್ತಾರೆ. ಉಳಿಸಿಟ್ಟ ದಾಖಲೆಯಾದರೆ ಫಿಲ್ಟರನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ ಆ ಓರೆ ಸರಿಪಡಿಸಬಹುದು. ಲೈವ್ ಓಡುವ ಗೆರೆಗೆ ಆ ಭಾಗ್ಯವಿಲ್ಲ, ಮುಂದಿನ ಸ್ಯಾಂಪಲ್ ಇನ್ನೂ ಹುಟ್ಟೇ ಇಲ್ಲವಲ್ಲ.

1985ರಲ್ಲಿ ಪ್ಯಾನ್ ಮತ್ತು ಟಾಂಪ್ಕಿನ್ಸ್ ಝಡ್80 ಅನ್ನೋ ಪುಟ್ಟ ಚಿಪ್‌ನಲ್ಲಿ ಈ ದಾಖಲೆಗಳ ಶೇ. 99.3 ಬಡಿತಗಳನ್ನು ಸರಿಯಾಗಿ ಹಿಡಿದಿದ್ದರು. ಆ ಪ್ರಬಂಧ ಇವತ್ತಿಗೂ ಓದಲು ಸೊಗಸು. ಈಗ ಎಐ ಮಾದರಿಗಳೂ ಇದೇ ಪ್ರಶ್ನೆಪತ್ರಿಕೆ ಬರೆದು 99ರ ಮೇಲೆ ಅಂಕ ತೋರಿಸಿದರೆ ನನಗೆ ಸ್ವಲ್ಪ ಅನುಮಾನ. ಒಬ್ಬರದೇ ಬಡಿತಗಳನ್ನು ಕಲಿಕೆಗೂ ಪರೀಕ್ಷೆಗೂ ಹಂಚಿದ್ದರೆ ಅಂಕ ತಾನಾಗೇ ಏರುತ್ತೆ. ದಾಖಲೆ ಪ್ರಕಾರ ಬೇರ್ಪಡಿಸಿದರೂ ಒಂದು ಕಣ್ಣಿಡಿ: ದಾಖಲೆ 48 ಇದ್ದರೂ ಜನ 47. 201 ಮತ್ತು 202 ಒಬ್ಬರದೇ ಎದೆ.